ಮುಂಬೈ–ಹೈದರಾಬಾದ್ ಬುಲೆಟ್ ರೈಲು ಕಲಬುರಗಿಯ ಮೇಲೆ ಹಾದರೆ ನಮಗೆ ಸಿಗುವುದೇನು, ಹೋಗುವುದೇನು?

ತಾವು ಕೇಳಿರುವುದು ಒಂದು ಪ್ರಶ್ನೆಯಾದರೂ ಅದರೊಳಗೆ ಎರಡಿವೆ. ಆಳಂದ ತಾಲ್ಲೂಕಿನಲ್ಲಿ ತಂದೆಯವರ ಆರು ಎಕರೆ ಹೊಲವಿದೆ, ತಾವು ಪುಣೆಯಲ್ಲಿ ನೌಕರಿಯಲ್ಲಿದ್ದೀರಿ. ಬುಲೆಟ್ ರೈಲಿನಿಂದ ನಮ್ಮ ಭಾಗಕ್ಕೆ ನಿಜವಾಗಿ ಉಪಯೋಗವಿದೆಯೇ ಎಂಬುದು ಮೊದಲನೆಯದು. ಆ ಸುದ್ದಿ ಹಬ್ಬಿದಾಗಿನಿಂದ ಹೊಲ ಕೇಳಿಕೊಂಡು ಜನ ಮನೆಗೆ ಬರುತ್ತಿದ್ದಾರೆ, ಕೊಡಬೇಕೇ ಬೇಡವೇ ಎಂಬುದು ಎರಡನೆಯದು. ನಾನು ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಕಲಬುರಗಿ–ಬೀದರ್ ರೈಲು ಮಾರ್ಗಕ್ಕೆ ಕಮಲಾಪುರದ ಕಡೆಯ ನಮ್ಮ ಮನೆತನದ ಹೊಲದ ಒಂದು ತುಂಡು ಹೋಗಿದೆ. ಹಾಗಾಗಿ ಕಪ್ಪು ಹಲಗೆಯ ಲೆಕ್ಕವೂ ಬದುವಿನ ಮೇಲಿನ ಲೆಕ್ಕವೂ ನನಗೆ ಸ್ವಲ್ಪ ಸ್ವಲ್ಪ ಗೊತ್ತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಡುವಿನ ಊರಿಗೆ ಇಂತಹ ಮಾರ್ಗದಿಂದ ಆಗುವ ಲಾಭವು ನಿಲ್ದಾಣ ಎಲ್ಲಿ ಕೂಡುತ್ತದೆ, ದಿನಕ್ಕೆ ಎಷ್ಟು ಗಾಡಿಗಳು ಅಲ್ಲಿ ನಿಲ್ಲುತ್ತವೆ, ಹಳೆಯ ಹಳಿಯ ಮೇಲೆ ಓಡುವ ಗಾಡಿಗಳ ಗತಿ ಏನಾಗುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ. ನಷ್ಟಕ್ಕೆ ಇಂತಹ ಷರತ್ತುಗಳೇನೂ ಇಲ್ಲ. ಹಳಿ ಹಾಯುವ ಪ್ರತಿ ಊರಿಗೂ ಅದು ತಲುಪಿಯೇ ತಲುಪುತ್ತದೆ. ಆದ್ದರಿಂದ ನಾನು ಈ ಯೋಜನೆಯ ಪರವಾಗಿಯೇ ಇದ್ದೇನೆ, ಆದರೆ ಕೇಳಬೇಕಾದುದನ್ನು ಈಗಲೇ ಕೇಳಿ ಕಾಗದದ ಮೇಲೆ ಬರೆಸಿಕೊಳ್ಳದಿದ್ದರೆ ನಮ್ಮ ಪಾಲಿಗೆ ಧೂಳು ಮಾತ್ರ ಉಳಿಯುತ್ತದೆ ಎಂಬುದನ್ನೂ ಬಲ್ಲೆ.

ಯೋಜನೆಯ ಸ್ಥೂಲ ರೂಪ ಹೀಗಿದೆ. ದೇಶದಲ್ಲಿ ಕಾಮಗಾರಿ ನಡೆದಿರುವ ಬುಲೆಟ್ ರೈಲು ಮಾರ್ಗವೆಂದರೆ 508 ಕಿ.ಮೀ. ಉದ್ದದ, 12 ನಿಲ್ದಾಣಗಳ ಮುಂಬೈ–ಅಹಮದಾಬಾದ್ ಮಾರ್ಗ. ಅದಕ್ಕೆ 2017ರ ಸೆಪ್ಟೆಂಬರ್‌ನಲ್ಲಿ ಅಡಿಗಲ್ಲು ಬಿತ್ತು. ಅದರ ನಂತರದ ಪಟ್ಟಿಯಲ್ಲಿ ಸುಮಾರು 711 ಕಿ.ಮೀ. ಉದ್ದದ ಮುಂಬೈ–ಹೈದರಾಬಾದ್ ಮಾರ್ಗವೂ ಸೇರಿತು. ಪುಣೆ, ಪಂಢರಪುರ, ಸೊಲ್ಲಾಪುರ, ಕಲಬುರಗಿ, ಜಹೀರಾಬಾದ್ ಇವು ಅದರ ಉದ್ದೇಶಿತ ನಿಲ್ದಾಣಗಳಲ್ಲಿ ಕೆಲವು. 2026ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ ಮುಂಬೈ–ಪುಣೆ ಹಾಗೂ ಪುಣೆ–ಹೈದರಾಬಾದ್ ಎಂಬ ಎರಡು ಹೆಸರುಗಳಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಕರ್ನಾಟಕದ ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳಿಗೆ ಸೇರಿ ಆ ಪಟ್ಟಿಯಲ್ಲಿರುವ ನಿಲ್ದಾಣ ಒಂದೇ ಒಂದು ಎಂಬುದನ್ನು ಗಮನಿಸಬೇಕು.

ಆ ಒಂದು ನಿಲ್ದಾಣದಿಂದ ಏನಾಗಬಹುದು? ಗಂಟೆಗೆ 300 ಕಿ.ಮೀ. ಮೀರಿದ ವೇಗದಲ್ಲಿ ಹೈದರಾಬಾದು ನಮಗೆ ಒಂದು ಗಂಟೆಯ ಊರಾಗುತ್ತದೆ; ಈಗ ಐದಾರು ಗಂಟೆ ಹಿಡಿಯುವ ಪುಣೆ ಎರಡು ಗಂಟೆಯೊಳಗೆ ಬರುತ್ತದೆ. ಹೃದಯದ ತೊಂದರೆಗೆ, ಅಪಘಾತಕ್ಕೆ ಸೊಲ್ಲಾಪುರ ಅಥವಾ ಹೈದರಾಬಾದಿಗೆ ಧಾವಿಸುವ ನಮ್ಮ ಜನರಿಗೆ, ದಾಲ್ ಮಿಲ್ಲಿನವರಿಗೆ, ಅಡತಿ ವ್ಯಾಪಾರಿಗಳಿಗೆ, ತಮ್ಮಂತೆ ತಿಂಗಳಿಗೊಮ್ಮೆ ತಂದೆ-ತಾಯಿಯನ್ನು ನೋಡಲು ಬರುವವರಿಗೆ ಇದು ಸಣ್ಣ ಮಾತಲ್ಲ. ಸ್ಪೇನ್ ದೇಶದಲ್ಲಿ ಸಿಯುದಾದ್ ರಿಯಾಲ್ ಎಂಬ ಊರಿದೆ. ಜನಸಂಖ್ಯೆಯಲ್ಲಿ ನಮ್ಮ ಯಾದಗಿರಿ ಪಟ್ಟಣದಷ್ಟೇ, ಎಪ್ಪತ್ತೈದು ಸಾವಿರದ ಆಸುಪಾಸು. 1992ರಲ್ಲಿ ಮ್ಯಾಡ್ರಿಡ್–ಸೆವಿಲ್ಲೆ ವೇಗದ ಮಾರ್ಗ ಆ ಊರಿನ ಮೇಲೆ ಹಾದಾಗ ರಾಜಧಾನಿಯು ಒಂದು ಗಂಟೆಯೊಳಗಿನ ದಾರಿಯಾಯಿತು, ಊರಿನ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರು ದಿನವೂ ಬಂದು ಹೋಗತೊಡಗಿದರು. ಆದರೆ ಆ ಲಾಭ ತಾನಾಗಿ ಬಂದದ್ದಲ್ಲ. ದೂರದ ಗಾಡಿಗಳ ಜೊತೆಗೆ, ಆ ಊರಿಗೂ ರಾಜಧಾನಿಗೂ ನಡುವೆ ಓಡಾಡುವ ಪ್ರತ್ಯೇಕ ಗಾಡಿಗಳನ್ನು ಬಿಟ್ಟರು, ತಿಂಗಳ ಪಾಸು ಕೊಟ್ಟರು. ಕಲಬುರಗಿಯಿಂದ ಬೆಳಿಗ್ಗೆ ಹೊರಟು ಹೈದರಾಬಾದಿನಲ್ಲಿ ಕೆಲಸ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರುವಂತೆ ಗಾಡಿ ಮತ್ತು ಪಾಸು ಎರಡೂ ಇದ್ದರೆ ಮಾತ್ರ ನಮಗೂ ಆ ಮಾತು ಅನ್ವಯಿಸುತ್ತದೆ.

ನಿಲುಗಡೆಯ ವಿಷಯದಲ್ಲಿ ನಮ್ಮ ಅನುಭವವೇನೂ ಸಿಹಿಯಲ್ಲ. 2024ರ ಮಾರ್ಚ್‌ನಲ್ಲಿ ಕಲಬುರಗಿ–ಬೆಂಗಳೂರು ವಂದೇ ಭಾರತ್ ಆರಂಭವಾದಾಗ ಜಿಲ್ಲಾ ಕೇಂದ್ರವಾದ ಯಾದಗಿರಿಗೇ ನಿಲುಗಡೆ ಇರಲಿಲ್ಲ. ಕಣ್ಣೆದುರಿಗೆ ಹಾದು ಹೋಗುವ ಗಾಡಿಯನ್ನು ನಿಲ್ಲಿಸಿರೆಂದು ಅಲ್ಲಿಯ ಜನ ಬೇಡಿಕೆ ಇಡಬೇಕಾಯಿತು. ವೇಗವೇ ಬಂಡವಾಳವಾದ ಗಾಡಿಗೆ ಪ್ರತಿ ನಿಲುಗಡೆಯೂ ನಷ್ಟದ ಬಾಬತ್ತು ಎಂಬ ಸತ್ಯವನ್ನು ನಾವು ಮರೆಯಬಾರದು. ಬುಲೆಟ್ ರೈಲಿನಲ್ಲಿ ಈ ಒತ್ತಡ ಇನ್ನೂ ಹೆಚ್ಚು: ಮುಂಬೈಯಿಂದ ಹೈದರಾಬಾದಿಗೆ ಹೋಗುವವನು ವಿಮಾನ ಬಿಟ್ಟು ಇದನ್ನು ಹತ್ತಬೇಕಾದರೆ ಗಾಡಿ ನಡುವೆ ಆದಷ್ಟು ಕಡಿಮೆ ನಿಲ್ಲಬೇಕು.

ಇನ್ನು ನಿಲ್ದಾಣದ ಜಾಗ. ಈ ವೇಗಕ್ಕೆ ಹಳಿಯು ಬಹುತೇಕ ನೇರವಾಗಿಯೇ ಹೋಗಬೇಕು. ತಿರುವು ಬೇಕಾದರೂ ಅದರ ತ್ರಿಜ್ಯ ಕಿಲೋಮೀಟರುಗಟ್ಟಲೆ ಇರಬೇಕಾಗುತ್ತದೆ. ಊರೊಳಗೆ ನುಗ್ಗಲು ಮನೆಗಳನ್ನು ಒಡೆಯಬೇಕು, ಖರ್ಚು ಹೆಚ್ಚು. ಆದ್ದರಿಂದ ಯೋಜಕರು ಸಾಮಾನ್ಯವಾಗಿ ಊರ ಹೊರಗಿನ ಬಯಲನ್ನು ಹುಡುಕುತ್ತಾರೆ. ಫ್ರಾನ್ಸಿನ ಉತ್ತರ ಭಾಗದಲ್ಲಿ ಅಮಿಯಾಂ ಮತ್ತು ಸೇಂಟ್ ಕ್ವೆಂಟಿನ್ ಎಂಬ ಎರಡು ಊರುಗಳ ನಡುವೆ, ಎರಡಕ್ಕೂ ದೂರವಾಗಿ, ಹೊಲಗಳ ಮಧ್ಯೆ ಇಂತಹ ಒಂದು ನಿಲ್ದಾಣವನ್ನು ತೊಂಬತ್ತರ ದಶಕದಲ್ಲಿ ಕಟ್ಟಿದರು. ಸುತ್ತ ಸಕ್ಕರೆ ಗಡ್ಡೆಯ ಬೆಳೆ ಬಿಟ್ಟರೆ ಏನೂ ಇರದಿದ್ದುದರಿಂದ ಜನ ಅದಕ್ಕೆ ಬೀಟ್‌ರೂಟ್ ನಿಲ್ದಾಣ ಎಂದೇ ಹೆಸರಿಟ್ಟು ನಕ್ಕರು. ಕಲಬುರಗಿಯ ನಿಲ್ದಾಣವು ಊರಿನಿಂದ ಹದಿನೈದು ಇಪ್ಪತ್ತು ಕಿ.ಮೀ. ಆಚೆ ತೊಗರಿ ಹೊಲದಲ್ಲಿ ಎದ್ದರೆ ಅದಕ್ಕೆ ಏನು ಹೆಸರು ಬೀಳುತ್ತದೆಂದು ನಾನು ಹೇಳಬೇಕಾಗಿಲ್ಲ. ಒಂದು ಗಂಟೆಯಲ್ಲಿ ಹೈದರಾಬಾದಿನಿಂದ ಬಂದವನು ಆಟೋ ಸಿಗದೆ ಊರ ನಡುವಿನ ಸೂಪರ್ ಮಾರ್ಕೆಟ್ ಪ್ರದೇಶ ತಲುಪಲು ಇನ್ನೊಂದು ಗಂಟೆ ಕಳೆದರೆ ವೇಗಕ್ಕೆ ಅರ್ಥವೇನು?

ಇದಕ್ಕೆ ಒಂದು ತಾಂತ್ರಿಕ ಕಾರಣವೂ ಸೇರುತ್ತದೆ. ಫ್ರಾನ್ಸಿನ ವೇಗದ ಗಾಡಿಗಳು ಹೊಸ ಹಳಿಯಿಂದ ಇಳಿದು ಹಳೆಯ ಹಳಿಯ ಮೇಲೆ ಊರೊಳಗಿನ ಹಳೆಯ ನಿಲ್ದಾಣಕ್ಕೂ ಹೋಗಬಲ್ಲವು, ಏಕೆಂದರೆ ಎರಡರ ಅಗಲವೂ ಒಂದೇ. ನಮ್ಮಲ್ಲಿ ಹಾಗಿಲ್ಲ. ಈಗಿನ ಬ್ರಾಡ್‌ಗೇಜ್ ಹಳಿಗಳ ಅಂತರ 1,676 ಮಿ.ಮೀ.; ಮುಂಬೈ–ಅಹಮದಾಬಾದ್ ಮಾರ್ಗದ್ದು 1,435 ಮಿ.ಮೀ. ಅದೇ ಮಾದರಿಯಲ್ಲಿ ನಮ್ಮ ಕಡೆಯ ಮಾರ್ಗವೂ ಬಂದರೆ ಬುಲೆಟ್ ಗಾಡಿ ಎಂದಿಗೂ ಬೀದರಿಗೆ ತಿರುಗಲಾರದು, ಯಾದಗಿರಿಗೆ ಇಳಿಯಲಾರದು. ಆ ಎರಡು ಜಿಲ್ಲೆಗಳ ಜನರಿಗೆ ಅದು ಉಪಯೋಗವಾಗಬೇಕಾದರೆ ಹೊಸ ನಿಲ್ದಾಣವು ಹಳೆಯ ಹಳಿಯ ಪಕ್ಕದಲ್ಲೇ ಇರಬೇಕು. ಒಂದು ಪ್ಲಾಟ್‌ಫಾರಂನಿಂದ ಇಳಿದು ಇನ್ನೊಂದನ್ನು ಹತ್ತುವಂತಿರಬೇಕು. ಬೀದರ್, ಯಾದಗಿರಿ ಕಡೆಯ ಗಾಡಿಗಳ ವೇಳೆ ಅದಕ್ಕೆ ಹೊಂದಿರಬೇಕು. ಇದನ್ನು ನಾನು ಅತ್ಯಂತ ಮುಖ್ಯವಾದ ಬೇಡಿಕೆ ಎಂದು ತಿಳಿದಿದ್ದೇನೆ. ನಮ್ಮ ಜನಪ್ರತಿನಿಧಿಗಳ ಭಾಷಣಗಳಲ್ಲಿ ಮಾತ್ರ ಇದನ್ನು ನಾನು ಇನ್ನೂ ಕೇಳಿಲ್ಲ. ಅಲ್ಲಿ ಬುಲೆಟ್ ಎಂಬ ಪದಕ್ಕೇ ಚಪ್ಪಾಳೆ ಬೀಳುತ್ತದೆ.

ಹಳೆಯ ಹಳಿಯ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಭಾಗದ ಬದುಕು ನಿಂತಿರುವುದು ಅದರ ಮೇಲೆ. ಮುಂಬೈ ಕಡೆಯಿಂದ ಬಂದ ಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಆರಂಭವಾಯಿತು. ಶಹಾಬಾದಿನ ಕಲ್ಲು, ವಾಡಿಯ ಸಿಮೆಂಟು ದೇಶ ಸುತ್ತಿದ್ದು ಈ ಹಳಿಗಳಿಂದ. ದೂರದ ವೇಗದ ಪ್ರಯಾಣವು ಹೊಸ ಮಾರ್ಗಕ್ಕೆ ಹೋದರೆ ಹಳೆಯ ಹಳಿಯಲ್ಲಿ ಜಾಗ ತೆರವಾಗುತ್ತದೆ. ಅಲ್ಲಿ ಸರಕು ಗಾಡಿಗಳನ್ನೂ ಎಲ್ಲ ಊರುಗಳಲ್ಲಿ ನಿಲ್ಲುವ ಪ್ಯಾಸೆಂಜರ್‌ಗಳನ್ನೂ ಹೆಚ್ಚು ಓಡಿಸಬಹುದು. ಇದು ನಿಜವಾದ ಲಾಭ, ಮತ್ತು ಬುಲೆಟ್ ರೈಲು ಹತ್ತದವನಿಗೂ ಸಿಗುವ ಲಾಭ. ಆದರೆ ತೆರವಾದ ಜಾಗವನ್ನು ಹಾಗೆ ಬಳಸುತ್ತಾರೋ, ಗಾಡಿಗಳನ್ನೇ ಕಡಿಮೆ ಮಾಡುತ್ತಾರೋ ಎಂಬುದು ಬೇರೆ ಪ್ರಶ್ನೆ. ಜಪಾನಿನಲ್ಲಿ 1997ರಲ್ಲಿ ನಾಗಾನೋಗೆ ಬುಲೆಟ್ ರೈಲು ಹೋದಾಗ ಸಾಕುದೈರಾ ಎಂಬ ಹೊಸ ನಿಲ್ದಾಣದ ಸುತ್ತ ಅಂಗಡಿ-ಮುಂಗಟ್ಟು ಬೆಳೆದವು. ಸಮೀಪದ ಹಳೆಯ ಕೋಟೆಯ ಊರಾದ ಕೊಮೊರೊ, ಅದುವರೆಗೆ ತನ್ನಲ್ಲಿ ನಿಲ್ಲುತ್ತಿದ್ದ ಎಕ್ಸ್‌ಪ್ರೆಸ್ ಗಾಡಿಗಳನ್ನೆಲ್ಲ ಕಳೆದುಕೊಂಡಿತು. ಹಳೆಯ ಮಾರ್ಗದ ಒಂದು ಘಾಟಿನ ತುಂಡನ್ನು ಮುಚ್ಚಿಯೇಬಿಟ್ಟರು, ಉಳಿದ ಕೆಲವು ಭಾಗವನ್ನು ಸ್ಥಳೀಯ ಕಂಪನಿಗೆ ವಹಿಸಿದರು. ಕೊಮೊರೊದ ಜಾಗದಲ್ಲಿ ನಾನು ನಮ್ಮ ಹಳೆಯ ಹಳಿಯ ಮೇಲಿನ ಶಹಾಬಾದನ್ನೋ ಸ್ಟೇಷನ್ ಗಾಣಗಾಪುರವನ್ನೋ ಇಟ್ಟು ನೋಡುತ್ತೇನೆ.

ಇಲ್ಲಿ ಟಿಕೆಟ್ ದರದ ಮಾತೂ ಬರಬೇಕು. ಮುಂಬೈ–ಅಹಮದಾಬಾದ್ ಗಾಡಿಗೆ ಆರಂಭದಲ್ಲಿ ಅಧಿಕಾರಿಗಳು ಹೇಳಿದ ಅಂದಾಜು ದರ ಸುಮಾರು 3,000 ರೂಪಾಯಿ. ಅದೇ ಲೆಕ್ಕದಲ್ಲಿ 200 ಕಿ.ಮೀ.ಗೆ 1,200 ರೂಪಾಯಿಯ ಸಮೀಪ ಬರುತ್ತದೆ. 2025–26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ. ಸುಗ್ಗಿ ಮುಗಿದ ಮೇಲೆ ಯಾದಗಿರಿಯ ತಾಂಡಾಗಳಿಂದ, ನಮ್ಮ ಜಿಲ್ಲೆಯ ಹಳ್ಳಿಗಳಿಂದ ಮುಂಬೈಗೆ, ಪುಣೆಗೆ ಗುಳೆ ಹೋಗುವ ಕುಟುಂಬಗಳು ಮೂರು ದಿನದ ಕೂಲಿ ಕೊಟ್ಟು ಒಂದು ಗಂಟೆಯ ಪ್ರಯಾಣ ಮಾಡುವುದಿಲ್ಲ. ಅವರು ಜನರಲ್ ಡಬ್ಬಿಯ ಬಾಗಿಲಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೋಗುತ್ತಾರೆ, ಮುಂದೆಯೂ ಹೋಗುತ್ತಾರೆ. ಆದ್ದರಿಂದ ಹೊಸ ಮಾರ್ಗ ಬೇಕೆನ್ನುವವರು ಅದೇ ಉಸಿರಿನಲ್ಲಿ ಹಳೆಯ ಗಾಡಿಗಳಿಗೆ ಜನರಲ್ ಡಬ್ಬಿ ಹೆಚ್ಚಿಸಿರೆಂದೂ ಕೇಳಬೇಕು. ಕಲಬುರಗಿ–ಬೀದರ್ ಮಾರ್ಗದ 110 ಕಿ.ಮೀ. ಹಳಿಗಾಗಿ ನಾವು ಸುಮಾರು ಎರಡು ದಶಕ ಕಾದು, 2017ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರಿಂದ ಉದ್ಘಾಟನೆ ಮಾಡಿಸಿದೆವು. ಇಂದಿಗೂ ಅದರ ಮೇಲೆ ಓಡುವ ಗಾಡಿಗಳನ್ನು ಬೆರಳು ಮಡಚಿ ಎಣಿಸಬಹುದು. ಖರ್ಗೆಯವರು ರೈಲ್ವೆ ಸಚಿವರಾಗಿದ್ದಾಗ ಘೋಷಣೆಯಾದ ಕಲಬುರಗಿ ರೈಲ್ವೆ ವಿಭಾಗದ ಕಥೆಯನ್ನು ನಾನು ಇಲ್ಲಿ ತೆಗೆಯುವುದಿಲ್ಲ.

ಈಗ ಭೂಮಿಯ ಮಾತಿಗೆ ಬರುತ್ತೇನೆ. ಮುಂಬೈ–ಅಹಮದಾಬಾದ್ ಮಾರ್ಗಕ್ಕೆ ನಿಲ್ದಾಣ, ಡಿಪೊ ಎಲ್ಲ ಸೇರಿ ಬೇಕಾದುದು ಸುಮಾರು 1,390 ಹೆಕ್ಟೇರ್, ಅಂದರೆ ಕಿಲೋಮೀಟರಿಗೆ ಏಳು ಎಕರೆಯ ಸಮೀಪ. ನಮ್ಮ ಭಾಗದಲ್ಲಿ 100 ಕಿ.ಮೀ. ಹಾಯುತ್ತದೆಂದು ಲೆಕ್ಕಕ್ಕೆ ಹಿಡಿದರೆ 700 ಎಕರೆ; ಶ್ರೀನಿವಾಸ ಸರಡಗಿಯಲ್ಲಿರುವ ಕಲಬುರಗಿ ವಿಮಾನ ನಿಲ್ದಾಣವೊಂದಕ್ಕೇ ಹೆಚ್ಚುಕಡಿಮೆ ಅಷ್ಟು ಭೂಮಿ ಹೋಗಿದೆ. ಈ ಲೆಕ್ಕ ನೋಡಿ ಇಷ್ಟೇ ತಾನೇ ಎನ್ನುವವರಿದ್ದಾರೆ. ಆದರೆ ವಿಮಾನ ನಿಲ್ದಾಣವು ಒಂದೆಡೆ ಇಡಿಯಾಗಿ ನುಂಗುತ್ತದೆ. ರೈಲು ಸಾವಿರಾರು ಹೊಲಗಳಿಂದ ಒಂದೊಂದು ಪಟ್ಟಿಯನ್ನು ಸೀಳಿಕೊಳ್ಳುತ್ತದೆ. ಮುಂಬೈ–ಅಹಮದಾಬಾದ್ ಮಾರ್ಗದಲ್ಲಿ ಹಳಿಯ ಪಟ್ಟಿಯ ಅಗಲ 17.5 ಮೀಟರ್. ಅದು 200 ಮೀಟರ್ ಉದ್ದದ ಹೊಲವನ್ನು ಹಾದರೆ ಸುಮಾರು 35 ಗುಂಟೆ ಹೋಗುತ್ತದೆ. ಆರು ಎಕರೆಯವರಿಗೆ ಅದು ಪೆಟ್ಟು, ಎರಡು ಎಕರೆಯವರಿಗೆ ಬೇಸಾಯವೇ ಮುಗಿದಂತೆ.

ನಮ್ಮದೇ ಉದಾಹರಣೆ ಹೇಳುತ್ತೇನೆ. ನಮ್ಮ ಹೊಲದಲ್ಲಿ ಹೋದದ್ದು ಒಂದು ಎಕರೆ ಹನ್ನೆರಡು ಗುಂಟೆ; ಆದರೆ ಬಾವಿ ಹಳಿಯ ಈಚೆ ಉಳಿಯಿತು, ನೀರು ಬೇಕಾದ ಭೂಮಿ ಆಚೆ ಉಳಿಯಿತು. ಕೆಳಸೇತುವೆಯೊಂದನ್ನು ಕಟ್ಟಿಕೊಟ್ಟರು. ಮಳೆಗಾಲದಲ್ಲಿ ಅದರೊಳಗೆ ಎದೆಮಟ್ಟ ನೀರು ನಿಲ್ಲುತ್ತದೆ, ಆಗ ಟ್ರ್ಯಾಕ್ಟರ್ ಎರಡೂವರೆ ಕಿ.ಮೀ. ಸುತ್ತಿ ಬರಬೇಕು. ಪರಿಹಾರದ ಹಣ ಬರಲು ತಡವಾದದ್ದಕ್ಕೆ ಕಚೇರಿಯ ನಿಧಾನ ಎಷ್ಟು ಕಾರಣವೋ ನಮ್ಮ ಮನೆಯ ಪಹಣಿಯೂ ಅಷ್ಟೇ ಕಾರಣ: ತೀರಿಹೋಗಿ ಇಪ್ಪತ್ತು ವರ್ಷವಾಗಿದ್ದ ಅಜ್ಜನ ಹೆಸರು ಅದರಲ್ಲಿ ಹಾಗೆಯೇ ಇತ್ತು, ಐದು ಜನ ವಾರಸುದಾರರಲ್ಲಿ ಒಬ್ಬರು ಸಹಿ ಹಾಕಲು ಒಪ್ಪಲಿಲ್ಲ. ಆ ಹೊಲವನ್ನು ಹನ್ನೊಂದು ವರ್ಷ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದವನಿಗೆ ಒಂದು ರೂಪಾಯಿಯೂ ಸಿಗಲಿಲ್ಲ. ಅವನ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಈಗ ಅವನು ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆಂದು ಕೇಳಿದ್ದೇನೆ. 2014ರ ಜನವರಿಯಿಂದ ಜಾರಿಯಲ್ಲಿರುವ 2013ರ ಭೂಸ್ವಾಧೀನ ಕಾಯ್ದೆಯು ಮೂರು ವರ್ಷ ಆ ಭೂಮಿಯ ಮೇಲೆ ಬದುಕಿದ ಗೇಣಿದಾರ, ಕೂಲಿಕಾರರನ್ನೂ ಬಾಧಿತ ಕುಟುಂಬವೆಂದು ಗುರುತಿಸುತ್ತದೆ. ಆದರೆ ಬಾಯಿಮಾತಿನ ಲಾವಣಿಯನ್ನು ರುಜುವಾತು ಮಾಡುವುದು ಹೇಗೆ?

ಪರಿಹಾರದ ಲೆಕ್ಕವನ್ನೂ ತಿಳಿದಿರಬೇಕು. ರೈಲ್ವೆ ಕಾಯ್ದೆಯಡಿ ಸ್ವಾಧೀನವಾದರೂ ಬೆಲೆಯ ನಿರ್ಧಾರ 2013ರ ಕಾಯ್ದೆಯಂತೆಯೇ ನಡೆಯುತ್ತದೆ. ಸರ್ಕಾರದ ಮಾರ್ಗಸೂಚಿ ದರ ಒಂದು ಕಡೆ. ಹಿಂದಿನ ಮೂರು ವರ್ಷಗಳಲ್ಲಿ ಸುತ್ತಮುತ್ತ ನೋಂದಣಿಯಾದ ಮಾರಾಟಗಳ ಪೈಕಿ ಹೆಚ್ಚಿನ ಬೆಲೆಯ ಅರ್ಧದಷ್ಟರ ಸರಾಸರಿ ಇನ್ನೊಂದು ಕಡೆ. ಇವುಗಳಲ್ಲಿ ಹೆಚ್ಚಿನದನ್ನು ಹಿಡಿಯುತ್ತಾರೆ. ಗ್ರಾಮೀಣ ಭೂಮಿಯಾದರೆ ಅದನ್ನು ಒಂದರಿಂದ ಎರಡರವರೆಗಿನ ಅಂಕಿಯಿಂದ ಗುಣಿಸಿ, ಬಂದ ಮೊತ್ತದಷ್ಟನ್ನೇ ಮತ್ತೆ ಸಾಂತ್ವನ ಧನವೆಂದು ಸೇರಿಸುತ್ತಾರೆ. ಎಕರೆಗೆ 4 ಲಕ್ಷವೆಂದು ನಿರ್ಧಾರವಾದ ಭೂಮಿಗೆ ಎರಡರಿಂದ ಗುಣಿಸಿದರೆ ಕೊನೆಗೆ 16 ಲಕ್ಷ ಬರುತ್ತದೆ. ಕೇಳಲು ದೊಡ್ಡದು. ಆದರೆ ನಮ್ಮಲ್ಲಿ ನೋಂದಣಿ ಶುಲ್ಕ ಉಳಿಸಲು ಖರೀದಿ ಪತ್ರದಲ್ಲಿ ಅರ್ಧ ಬೆಲೆ ಬರೆಸುವುದು ಹಳೆಯ ರೂಢಿ. ಹತ್ತು ಲಕ್ಷದ ಹೊಲವನ್ನು ಊರಿನವರೆಲ್ಲ ನಾಲ್ಕು ಲಕ್ಷವೆಂದು ಬರೆಸಿದ್ದರೆ ಸ್ವಾಧೀನದ ದಿನ ಆ ನಾಲ್ಕು ಲಕ್ಷವೇ ಎದುರಿಗೆ ಬಂದು ನಿಲ್ಲುತ್ತದೆ. ಅಂದು ಅಧಿಕಾರಿಯನ್ನು ಬೈದು ಪ್ರಯೋಜನವಿಲ್ಲ.

ಕಟ್ಟುವ ವರ್ಷಗಳ ತೊಂದರೆ ಬೇರೆ. ಕಾಂಕ್ರೀಟಿಗೆ ನೀರು, ಕಂಕರು, ಮುರುಮು ಎಲ್ಲ ಸುತ್ತಲಿನಿಂದಲೇ ಬರಬೇಕು. ಟಿಪ್ಪರುಗಳು ಹಳ್ಳಿಯ ರಸ್ತೆಯನ್ನು ಒಂದೇ ಮಳೆಗಾಲದಲ್ಲಿ ಕೆಸರು ಗದ್ದೆ ಮಾಡುತ್ತವೆ. ಕ್ಯಾಂಪಿಗೆ ಜಾಗ ಬಾಡಿಗೆ ಕೊಟ್ಟವನಿಗೆ, ಹೋಟೆಲು ಇಟ್ಟವನಿಗೆ ನಾಲ್ಕು ವರ್ಷ ಚೆನ್ನಾಗಿ ನಡೆಯುತ್ತದೆ ಎಂಬುದನ್ನೂ ಒಪ್ಪಬೇಕು. ಆದರೆ ನಮ್ಮ ಎರೆ ಭೂಮಿಗೆ ಸಂಬಂಧಿಸಿದ ಒಂದು ವಿಷಯವಿದೆ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಮಣ್ಣಿನ ಏರಿ ಹಾಕಿ ಹಳಿ ಹಾಸಿದರೆ ಹಳಿಗೂ ಕ್ಷೇಮವಲ್ಲ, ಹೊಲಕ್ಕೂ ಅಲ್ಲ. ಸಮತಟ್ಟಾದ ಹೊಲದಲ್ಲಿ ಏರಿಯು ನೀರನ್ನು ತಡೆದು ನಿಲ್ಲಿಸಿದರೆ ತೊಗರಿಗೆ ಬೇರು ಕೊಳೆತ, ನೆಟೆ ರೋಗ ಬರುವುದನ್ನು ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಗುಜರಾತ್ ಕಡೆಯ ಮಾರ್ಗದಲ್ಲಿ ನೂರಕ್ಕೆ ತೊಂಬತ್ತು ಭಾಗ ಕಂಬಗಳ ಮೇಲಿನ ಸೇತುವೆಯೇ ಇದೆ. ನೀರೂ ಬಂಡಿಯೂ ಕೆಳಗಿನಿಂದ ಹಾಯುತ್ತವೆ. ಖರ್ಚು ಉಳಿಸಲೆಂದು ನಮ್ಮ ಕಡೆ ಏರಿಯನ್ನು ತೋರಿಸಿದರೆ ಅದನ್ನು ಗಟ್ಟಿಯಾಗಿ ವಿರೋಧಿಸಬೇಕು. ಸದ್ದಿನ ವಿಷಯ ಹೇಳುವುದಾದರೆ, ಜಪಾನ್ 1975ರಲ್ಲೇ ವಸತಿ ಪ್ರದೇಶಕ್ಕೆ 70 ಡೆಸಿಬಲ್ ಎಂಬ ಮಿತಿ ಹಾಕಿತು, ಅದೂ ನಗೋಯಾದ ಜನ ಕೋರ್ಟಿಗೆ ಹೋದ ಮೇಲೆ.

ಇನ್ನು ತಮ್ಮ ಎರಡನೆಯ ಪ್ರಶ್ನೆ. ಮನೆಗೆ ಬರುತ್ತಿರುವವರು ರೈಲಿನವರಲ್ಲ, ರೈಲಿನ ಹೆಸರಿನಲ್ಲಿ ಲೇಔಟ್ ಮಾಡಿ ಪ್ಲಾಟು ಮಾರುವವರು. ಸ್ಪೇನಿನಲ್ಲೇ ಗ್ವಾದಲಜಾರಾ ಬಳಿ ಊರ ಹೊರಗಿನ ವೇಗದ ನಿಲ್ದಾಣದ ಪಕ್ಕದಲ್ಲಿ ಮೂವತ್ತು ಸಾವಿರ ಜನರಿಗೆಂದು ವಾಲ್ದೆಲೂಸ್ ಎಂಬ ಹೊಸ ಪಟ್ಟಣ ಕಟ್ಟಹೊರಟರು. 2008ರ ಕುಸಿತದ ನಂತರ ಅದರ ಬಹುಭಾಗ ಖಾಲಿ ಬೀದಿಗಳಾಗಿ ಉಳಿಯಿತು. ನಮ್ಮಲ್ಲೂ 2019ರ ನವೆಂಬರ್‌ನಲ್ಲಿ ವಿಮಾನ ಹಾರಿದಾಗ ವಿಮಾನ ನಿಲ್ದಾಣದ ರಸ್ತೆಯ ಪ್ಲಾಟುಗಳ ಬೆಲೆ ಆಕಾಶಕ್ಕೇರಿತ್ತು. ಬೀದರಿನಲ್ಲಿ 2020ರಲ್ಲಿ ಆರಂಭವಾದ ವಿಮಾನ ನಿಂತುಹೋಗಿ 2025ರಲ್ಲಿ ಮತ್ತೆ ಶುರುವಾಯಿತು. ಸೇವೆ ಬಂದು ಹೋಗುತ್ತಿರುತ್ತದೆ, ಮಾರಿದ ಹೊಲ ಮರಳಿ ಬರುವುದಿಲ್ಲ. ಮಾರ್ಗದ ಸರ್ವೆ ನಂಬರುಗಳ ಅಧಿಸೂಚನೆ ಹೊರಡುವವರೆಗೆ ಹಳಿ ತಮ್ಮ ಹೊಲದ ಮೇಲೆ ಹಾಯುತ್ತದೆಂದು ಹೇಳುವವನ ಮಾತಿಗೆ ಕಿವಿಗೊಡಬೇಡಿರಿ. ತೀರ ಮಾರಲೇಬೇಕಾದ ಅಡಚಣೆ ಇದ್ದರೆ ಕೊಟ್ಟ ಬೆಲೆಯನ್ನೇ ಪತ್ರದಲ್ಲಿ ಬರೆಸಿರಿ. ನೆರೆಹೊಲದವರಿಗೂ ಅದರಿಂದ ಉಪಕಾರವಾಗುತ್ತದೆ.

ಮಾರದಿದ್ದರೂ ಮಾಡಬೇಕಾದ ಕೆಲಸವೊಂದಿದೆ. ಪಹಣಿ ತಂದೆಯವರೊಬ್ಬರ ಹೆಸರಿನಲ್ಲಿದೆಯೇ, ಚಿಕ್ಕಪ್ಪಂದಿರ ಜೊತೆ ಜಂಟಿಯಾಗಿದೆಯೇ ನೋಡಿರಿ. ಜಂಟಿಯಾಗಿದ್ದರೆ ಎಲ್ಲರೂ ಮಾತನಾಡುವ ಸ್ಥಿತಿಯಲ್ಲಿರುವಾಗಲೇ ಪಾಲು ಮಾಡಿ ಪೋಡಿ, ಅಂದರೆ ಪಾಲಿನಂತೆ ಅಳತೆ ಮಾಡಿಸಿ ಬೇರೆ ಬೇರೆ ದಾಖಲೆ, ಮಾಡಿಸಿಕೊಳ್ಳಿರಿ. ಬಾವಿ, ಪೈಪ್‌ಲೈನು, ಮಾವು-ಬೇವಿನ ಮರಗಳು ದಾಖಲೆಯಲ್ಲಿ ನಮೂದಾಗಿವೆಯೇ ಎಂದೂ ಪರಿಶೀಲಿಸಿರಿ, ಏಕೆಂದರೆ ಅವಕ್ಕೆ ಪ್ರತ್ಯೇಕ ಬೆಲೆ ಇರುತ್ತದೆ. ಹೊಲವನ್ನು ಯಾರಿಗಾದರೂ ಲಾವಣಿಗೆ ಕೊಟ್ಟಿದ್ದರೆ ಅವರಿಗೊಂದು ಕರಾರು ಪತ್ರ ಬರೆದುಕೊಡಿರಿ. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿರಿ. ಈ ವರ್ಷದ ತೊಗರಿ ರಾಶಿ ಮುಗಿಯುವುದರೊಳಗೆ ಪೋಡಿಯ ಅರ್ಜಿ ಕೊಟ್ಟುಬಿಡಲಿ.